ಅಪ್ಪನ ಹಾಡಿನ ಮೂರನೇ ಚರಣ

ಜುಲೈ ಹದಿಮೂರು, ಭಾನುವಾರ, ಬೆಳಿಗ್ಗೆ ಐದೂಮುಕ್ಕಾಲು. ಆರಾಧನೆಗೆ ಇನ್ನೂ ಹೊತ್ತಿದೆ, ಅಮ್ಮ ಎದ್ದಿಲ್ಲ. ಅಪ್ಪ ತೀರಿಕೊಂಡು ಇವತ್ತಿಗೆ ಒಂಬತ್ತು ತಿಂಗಳು.

ಹರಿಹರದ ನಮ್ಮ ಕ್ರೈಸ್ತ ಸಭೆ ಚಿಕ್ಕದು. ಅಲ್ಲೊಂದು ರೂಢಿಯಿದೆ, ಬೇರೆ ಸಭೆಗಳಲ್ಲಿ ನಾನು ಕಂಡಿಲ್ಲ. ಪ್ರಾಯಕ್ಕೆ ಬಂದ ಗಂಡಸು ಎಲ್ಲರೆದುರು ತನ್ನ ನಂಬಿಕೆಯ ಸಾಕ್ಷಿ ಹೇಳುವ ದಿನ ಒಂದು ಹಾಡನ್ನು ಆರಿಸಿಕೊಳ್ಳುತ್ತಾನೆ. ಅಂದಿನಿಂದ ಅದು ಅವನ ಹಾಡು. ಅವನ ಮನೆಯಲ್ಲಿ ಪ್ರಾರ್ಥನೆಗೆ ಕೂಡಿದಾಗ ಅದನ್ನೇ ಹಾಡುತ್ತಾರೆ, ಕೊನೆಗೆ ಮಣ್ಣು ಕೊಡುವಾಗಲೂ ಅದನ್ನೇ. ಹಾಡು ಸಭೆಯ ಪುಸ್ತಕದಲ್ಲಿಲ್ಲದಿದ್ದರೆ ಮಗ ಅದನ್ನು ಬರೆದುಕೊಳ್ಳಬೇಕು. ಆದರೆ ಅಪ್ಪ ಹಾಸಿಗೆ ಹಿಡಿದು, ಇನ್ನು ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ. ಮೊದಲೇ ಬರೆದರೆ ಸಾವನ್ನು ಬಾಗಿಲಿಗೆ ಕರೆದಂತೆ ಎಂದು ನಮ್ಮ ಹೆಂಗಸರು ಬರೆಯಗೊಡುವುದಿಲ್ಲ.

ಅಪ್ಪನ ಹಾಡು ಪುಸ್ತಕದ್ದಲ್ಲ. ಅವನು ಹುಡುಗನಾಗಿದ್ದಾಗ ನಂದಿಗುಡಿ ಕಡೆಯಿಂದ ತನ್ನೂರು ಕೊಂಡಜ್ಜಿಗೆ ಸೈಕಲ್ ಮೇಲೆ ಬರುತ್ತಿದ್ದ ಉಪದೇಶಿಯೊಬ್ಬರಿಂದ ಕಲಿತದ್ದಂತೆ. ಮೂರು ಚರಣ. ಮೊದಲನೆಯದರಲ್ಲಿ ಒಬ್ಬ ರೈತ ಹೊಲ ಬಿಟ್ಟು ಕರ್ತನ ಹಿಂದೆ ಹೊರಡುತ್ತಾನೆ. ಎರಡನೆಯದರಲ್ಲಿ ತುಂಬಿದ ಹೊಳೆಗೆ ಇಳಿದಿದ್ದಾನೆ: ‘ಎದೆಮಟ್ಟ ನೀರು ಬಂತು, ಕೈಯ ಬಿಡಬ್ಯಾಡ, ನನಗೆ ಈಜು ಬರದಯ್ಯ.’ ಮೂರನೆಯದು ಆಚೆ ದಡದ್ದು. ಅಪ್ಪ ದಿನಾ ಗಡ್ಡ ಹೆರೆದುಕೊಳ್ಳುತ್ತ ಹಾಡುತ್ತಿದ್ದ. ಮೂರನೆಯದಕ್ಕೆ ಬರುವಷ್ಟರಲ್ಲಿ ಗಡ್ಡ ಮುಗಿದು ಶಿಫ್ಟಿನ ಬಸ್ಸು ನೆನಪಾಗುತ್ತಿತ್ತು. ಮನೆಕೂಟಗಳಲ್ಲಿ ಪೂರ್ತಿ ಹಾಡಿದಾಗ ಉಳಿದವರು ಪಲ್ಲವಿಗಷ್ಟೇ ದನಿ ಸೇರಿಸುತ್ತಿದ್ದರು; ಮೂರನೆಯದು ಅಮ್ಮನಿಗೂ ನನಗೂ ಬಾಯಿಗೆ ಬರಲಿಲ್ಲ.

ನನ್ನ ಕೆಲಸ ದಾವಣಗೆರೆಯ ಕರೂರಿನ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ. ಅಳೆಯುವುದು, ಬರೆಯುವುದು. ಅಭ್ಯಾಸ ಮನೆಗೂ ಬಂತು. ಓದಿದ ಬೈಬಲ್ ಅಧ್ಯಾಯಕ್ಕೆ, ಮಾಡಿದ ಉಪವಾಸಕ್ಕೆ ಎಲ್ಲಕ್ಕೂ ದಿನಚರಿಯಲ್ಲಿ ದಿನಾಂಕ ಹಾಕುತ್ತಿದ್ದೆ. ನಂಬಿಕೆಯ ಬಲವೂ ಹೀಗೆ ಒಂದರ ಮೇಲೊಂದು ಸೇರುತ್ತದೆ ಅಂದುಕೊಂಡಿದ್ದೆ.

ಅಕ್ಟೋಬರಿನಲ್ಲಿ ಅಪ್ಪನಿಗೆ ಕಫ ಕಟ್ಟಿ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಎರಡನೇ ದಿನ ಮಧ್ಯಾಹ್ನ ನಾನು ಮಂಚದ ಪಕ್ಕ ಕೂತು ಜ್ವರದ ಅಂಕಿ ಬರೆಯುತ್ತಿದ್ದೆ.

‘ಆ ಜ್ವರದ ಲೆಕ್ಕ ಬಿಡೋ ಮಾರಾಯ’ ಅಂದ ಅಪ್ಪ. ‘ಮೂರ್ನೇ ಚರಣ ಹೇಳ್ತೀನಿ, ಬರ್ಕೊ.’

ಅಮ್ಮ ನನ್ನ ಮುಖ ನೋಡಿದಳು. ಪೆನ್ನು ಕೈಯಲ್ಲೇ ಇತ್ತು. ಬರೆದರೆ ಅಪ್ಪ ಹೋಗುತ್ತಾನೆ ಎಂದು ನಾನೇ ಒಪ್ಪಿದ ಹಾಗೆ.

‘ಈಗ ಬ್ಯಾಡಪ್ಪ. ಡಾಕ್ಟ್ರು ಮನಿಗೆ ಕಳಿಸ್ತೀನಿ ಅಂದಾರೆ. ಮನ್ಯಾಗ ಹಾಡುವಿಯಂತೆ.’

‘ಮನ್ಯಾಗ ನೀ ಎಲ್ಲಿ ಕೇಳ್ತಿ? ಕಿವ್ಯಾಗ ವೈರು ತುರುಕ್ಕೊಂಡು ಕುಂತಿರ್ತಿ.’

ನಕ್ಕೆವು. ಅಪ್ಪ ಗೋಡೆಯ ಕಡೆ ತಿರುಗಿ, ಪದಗಳಿಲ್ಲದೆ ಬರೀ ಧಾಟಿಯನ್ನು ಗುನುಗಿದ. ನಾನು ‘ನೂರಾ ಒಂದು’ ಎಂದು ಬರೆದು ಪೆನ್ನು ಮುಚ್ಚಿದೆ. ಮರುದಿನ ಉಸಿರಿಗೆ ನಳಿಕೆ ಹಾಕಿದರು. ಆಮೇಲೆ ಅಪ್ಪ ಮಾತಾಡಲಿಲ್ಲ.

ಮಣ್ಣು ಕೊಡುವಾಗ ನಾನು ಎರಡು ಚರಣ ಹಾಡಿ ನಿಲ್ಲಿಸಿದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಪಾಸ್ಟರು ಪ್ರಾರ್ಥನೆ ಶುರುಮಾಡಿದರು. ಅಪ್ಪನನ್ನು ಎದೆಮಟ್ಟ ನೀರಿನಲ್ಲೇ ನಿಲ್ಲಿಸಿ ಬಂದೆವು ಅನ್ನಿಸಿತು.

ಆಮೇಲಿನ ತಿಂಗಳುಗಳಲ್ಲಿ ಹಿಂದೆಂದಿಗಿಂತ ಹೆಚ್ಚು ಅಧ್ಯಾಯ ಓದಿದ್ದೇನೆ, ದಿನಚರಿ ಹಾಗೆ ಹೇಳುತ್ತದೆ. ಒಂದೂ ನೆನಪಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದರೆ ಆಸ್ಪತ್ರೆಯ ಗೋಡೆ ಕಾಣುತ್ತಿತ್ತು.

ಕಳೆದ ಭಾನುವಾರ, ಮುಂದೂಡುತ್ತ ಬಂದಿದ್ದ ನನ್ನ ಸಾಕ್ಷಿಯ ದಿನ. ಹಾರ್ಮೋನಿಯಂ ನುಡಿಸುವ ಹಿರಿಯರು ಮೊದಲೇ ಕರೆದು ಕೇಳಿದರು.

‘ಏನಪ್ಪಾ ಲೆಕ್ಕದ ಸಾಹೇಬ, ನಿಂದು ಯಾವ ಹಾಡು?’

‘ನಮ್ಮಪ್ಪಂದು.’

‘ಅರ್ಧಾ ಹಾಡು ತಗಂಡು ಏನ್ ಮಾಡ್ತಿ? ಪುಸ್ತಕದಾಗ ಇಡೀವು ಬೇಕಾದಷ್ಟು ಅದಾವು.’

‘ನನಗೂ ಅಲ್ಲೀತನಕಾನೇ ಗೊತ್ತೈತ್ರಿ’ ಅಂದೆ.

ಅವರು ಹಾರ್ಮೋನಿಯಂ ಮುಂದೆ ಕೂತರು. ಎರಡು ಚರಣ ಹಾಡಿದೆ. ಈಜು ಬರದು ಎಂಬ ಸಾಲನ್ನು ಅಷ್ಟು ವರ್ಷ ಅಪ್ಪನದೆಂದು ಕೇಳಿದ್ದೆ; ಅವತ್ತು ನಾನೇ ಕೇಳಿಕೊಂಡೆ. ಹಾಡು ನಿಂತರೂ ಹಿರಿಯರು ಹಾರ್ಮೋನಿಯಂ ನಿಲ್ಲಿಸದೆ ಮೂರನೆಯದರ ಧಾಟಿಯನ್ನು ಕೊನೆವರೆಗೆ ನುಡಿಸಿದರು. ಪದ ಯಾರಲ್ಲೂ ಇರಲಿಲ್ಲ. ನಾನು ನಿಂತೇ ಇದ್ದೆ. ಕೂತುಬಿಡಬೇಕು ಅನ್ನಿಸಲಿಲ್ಲ. ಗೋಡೆಯೂ ಕಾಣಲಿಲ್ಲ. ಯಾರೋ ತೋಳು ಹಿಡಿದಿದ್ದಾರೆ ಅನ್ನಿಸಿತು, ಅಷ್ಟೆ. ಅದಕ್ಕೆ ದಿನಚರಿಯಲ್ಲಿ ಏನು ಬರೆಯಬೇಕೋ ತಿಳಿಯದೆ ಆ ಪುಟ ಖಾಲಿ ಬಿಟ್ಟಿದ್ದೇನೆ.

ಮನೆಗೆ ನಡೆಯುವಾಗ ಅಮ್ಮ ಕೇಳಿದಳು, ‘ಅವತ್ತು ನಾನು ನೋಡಿದ್ದಕ್ಕ ನೀ ಬರೀಲಿಲ್ಲೇನು?’

‘ಪೆನ್ನು ನನ್ನ ಕೈಯಾಗಿತ್ತಮ್ಮ.’

ಸೋಮವಾರದಿಂದ ಕರೂರಿನ ಬಸ್ಸಿನಲ್ಲಿ ಎರಡು ಚರಣ ಮನಸ್ಸಿನಲ್ಲೇ ಹೇಳಿಕೊಂಡು ಅಲ್ಲಿಗೇ ನಿಲ್ಲಿಸುತ್ತೇನೆ. ಅದರಿಂದ ದಿನ ಸಾಗುತ್ತದೆ. ಆದರೂ ಅಪ್ಪ ಆಚೆ ದಡದಲ್ಲಿ ಏನು ಕಂಡನೆಂದು ಗೊತ್ತಿಲ್ಲದಿರುವುದು ಹಾಗೇ ಉಳಿದಿದೆ. ಹೇಳುತ್ತೇನೆಂದಾಗ ನಾನೇ ಬ್ಯಾಡ ಅಂದೆನಲ್ಲ.

ಸೈಕಲ್ ಮೇಲೆ ಬರುತ್ತಿದ್ದ ಆ ಉಪದೇಶಿಯನ್ನು ಬಲ್ಲವರು, ಅವರ ಮನೆಯವರು, ಆ ಕಡೆಯ ಹಳ್ಳಿಗಳಲ್ಲಿ ಈ ಹಾಡು ಕೇಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ನೆನಪಿದ್ದಷ್ಟನ್ನು ಪ್ರಕಾಶಕರ ಮೂಲಕ ನನಗೆ ಬರೆಯಿರಿ. ಒಂದು ಸಾಲಾದರೂ ಸರಿ.