ಶುಕ್ರವಾರದ ಸಾಂಬ್ರಾಣಿ

ಚೆನ್ನೈನ ಪುರಸೈವಾಕ್ಕಂನಲ್ಲಿ ನಾನು ಕೆಲಸ ಮಾಡುವ ಜವಳಿ ಅಂಗಡಿಯಲ್ಲಿ ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ವಾಚ್‌ಮನ್ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಕೆಳಗಿನಿಂದ ಮೇಲಿನ ಮಹಡಿಯವರೆಗೂ ಹೊಗೆ ತೋರಿಸಿಕೊಂಡು ಬರುತ್ತಿದ್ದ. ನಾವೆಲ್ಲ ಸೀರೆ ಮಡಚುವುದು ಬಿಟ್ಟು, ಅಂಗೈಯಲ್ಲಿ ಹೊಗೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಹೊಸದಾಗಿ ಹಾಕಿಸಿದ ಬೆಂಕಿಯ ಅಲಾರಂಗೆ ಈ ಭಕ್ತಿಯೆಲ್ಲ ಎಲ್ಲಿ ಅರ್ಥವಾಗಬೇಕು? ಪ್ರತಿ ಶುಕ್ರವಾರ ಬಾಯಿ ಬಡಿದುಕೊಳ್ಳುತ್ತಿತ್ತು. ಗಿರಾಕಿಗಳು ಹೆದರುತ್ತಾರೆಂದು ಸಂಜೆ ಹೊತ್ತು ಮಾತ್ರ ಅದನ್ನು ಆಫ್ ಮಾಡತೊಡಗಿದರು. ಮರುದಿನ ಆನ್ ಮಾಡುವುದು ಯಾರ ಕೆಲಸವೆಂದು ಯಾರೂ ಹೇಳಲಿಲ್ಲ. ಅದು ಆಫ್ ಆಗಿಯೇ ಉಳಿಯಿತು.

ಯೂನಿಯನ್ನಿನವರು ನನ್ನನ್ನು ಸುರಕ್ಷತಾ ಪ್ರತಿನಿಧಿ ಮಾಡಿದ್ದರು. ನನಗೆ ಸುರಕ್ಷತೆ ಬಗ್ಗೆ ಮಹಾ ಗೊತ್ತಿತ್ತೆಂದಲ್ಲ. ಮಾಲೀಕರ ಮನೆಮಾತು ಕನ್ನಡ, ನನ್ನದೂ ಕನ್ನಡ, ಅಷ್ಟೇ. ನಮ್ಮವಳೆಂದು ಮಾತು ಕೇಳುತ್ತಾರೆ ಎಂಬ ಆಸೆ. ಕೇಳುತ್ತಿದ್ದರು, ಸುಳ್ಳೇಕೆ ಹೇಳಲಿ. ವಿಭೂತಿ ಹಚ್ಚಿದ ಹಣೆ ಅಲ್ಲಾಡಿಸುತ್ತಾ ಪೂರ್ತಿ ಕೇಳಿ, ಕಾಫಿ ತರಿಸಿ, “ಆಗ್ಲಿ ಕಣಮ್ಮಾ, ಈ ಆಡಿ ಸೇಲ್ ಒಂದು ಮುಗೀಲಿ,” ಎನ್ನುತ್ತಿದ್ದರು. ತಮಿಳರ ಆಷಾಢವಾದ ಆಡಿ ಮುಗಿದರೆ ದೀಪಾವಳಿ, ದೀಪಾವಳಿ ಮುಗಿದರೆ ಪೊಂಗಲ್. ಬೈಯುವವರಾಗಿದ್ದರೆ ನಾನೂ ಕೂಗಾಡಬಹುದಿತ್ತು. ಇಷ್ಟು ಸವಿಯಾಗಿ ಇಲ್ಲ ಎನ್ನುವವರ ಹತ್ತಿರ ಏನು ಜಗಳ ಮಾಡುವುದು? ಹೋಗಿ ಹೋಗಿ ಸಾಕಾಗಿತ್ತು.

ಬಿಡುವ ಹಾಗೂ ಇರಲಿಲ್ಲ. ಮೇಲಿನ ಮಹಡಿಯಲ್ಲಿ, ಗೋದಾಮಿನ ಪಕ್ಕದ ಕೋಣೆಯಲ್ಲಿ, ಸೀರೆಗೆ ಫಾಲ್ಸ್ ಹೊಲಿಯುವವಳೊಬ್ಬಳಿದ್ದಳು. ಇಲ್ಲೇ ಹುಟ್ಟಿ ಬೆಳೆದ ಕನ್ನಡದವಳು, ಮಾತಿನಲ್ಲಿ ಅರ್ಧ ತಮಿಳು. ಪೋಲಿಯೋ ಆದ ಕಾಲು. ಬೆಳಿಗ್ಗೆ ಹೆಗಲು ಕೊಟ್ಟು ಹತ್ತಿಸಿದರೆ ಅಂಗಡಿ ಮುಚ್ಚುವಾಗಲೇ ಇಳಿಸುವುದು. ಸೀರೆಗಳು ಮಾತ್ರ ಸಾಮಾನಿನ ಪುಟ್ಟ ಲಿಫ್ಟಿನಲ್ಲಿ ಹೋಗಿ ಬರುತ್ತಿದ್ದವು. ಬೆಂಕಿ ಬಿದ್ದರೆ ನಾವೇನೋ ಓಡಿಯೇವು, ಅವಳು? ಸಾಂಬ್ರಾಣಿ ಮುಗಿದ ಕೂಡಲೇ ಅಲಾರಂ ಆನ್ ಮಾಡಲು ಒಬ್ಬರನ್ನು ಗೊತ್ತುಮಾಡಿ ಎಂದಷ್ಟೇ ನಾನು ಕೇಳುತ್ತಿದ್ದೆ.

ಆಡಿ ತಿಂಗಳ ಒಂದು ಶುಕ್ರವಾರ ಗೋದಾಮಿನ ಸ್ವಿಚ್‌ಬೋರ್ಡ್ ಹೊತ್ತಿಕೊಂಡಿತು. ಕೆಳಗೆ ಕಾಲಿಡಲಾರದಷ್ಟು ಜನ, ನಮಗ್ಯಾರಿಗೂ ಗೊತ್ತಾಗಲಿಲ್ಲ. ಸಾಂಬ್ರಾಣಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ವಾಚ್‌ಮನ್, ತನ್ನದಲ್ಲದ ಹೊಗೆ ಮೇಲಿನಿಂದ ಇಳಿದು ಬರುವುದನ್ನು ಕಂಡ. ಕೆಂಡದ ತಟ್ಟೆಯನ್ನು ಅಲ್ಲೇ ಇಟ್ಟು ಓಡಿ, ಅವಳನ್ನು ಹೊತ್ತುಕೊಂಡು ಇಳಿದ. ಬೆಂಕಿಯನ್ನು ಹೇಗೋ ಆರಿಸಿದೆವು.

ಕೀಲ್ಪಾಕ್ ಆಸ್ಪತ್ರೆಯಲ್ಲಿ ಅವಳು ಕೆಮ್ಮುತ್ತಾ ಹೇಳಿದಳು: “ಸಾಂಬ್ರಾಣಿ ಇವತ್ತು ಸೀಕ್ರವೇ ಬಂತು ಅಂತ ನೆನ್ಸಿದೆ ಅಕ್ಕಾ. ಕಣ್ಣಿಗೆ ಒತ್ಕೊಂಡು ಹೊಲೀತಾನೇ ಇದ್ದೆ.”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸೋಮವಾರ ಮಾಲೀಕರೇ ಕರೆಸಿದರು.

“ನೀವು ಹೇಳಿದ್ದೇ ಸರಿ ಕಣಮ್ಮಾ. ಇನ್ಮೇಲೆ ಸಾಂಬ್ರಾಣಿನೇ ಬೇಡ. ನಿಲ್ಲಿಸ್ಬಿಟ್ಟೆ.”

“ನಾನು ಕೇಳಿದ್ದು ಅಲಾರಂ, ಸರ್.”

“ವೈರೆಲ್ಲ ಸುಟ್ಟೋಗಿದ್ಯಲ್ಲ, ಎಲೆಕ್ಟ್ರಿಷಿಯನ್ ಬರ್ಬೇಕು. ದೀಪಾವಳಿ ಸ್ಟಾಕ್ ಇಳೀಲಿ, ಪಾರ್ಕಲಾಂ, ನೋಡೋಣ,” ಎಂದು ಕಾಫಿ ಮುಂದಿಟ್ಟರು. ನಾನು ಕುಡಿಯದೆ ಎದ್ದು ಬಂದೆ.

ಯೂನಿಯನ್ನಿನ ಕೋರಿಕೆಯಂತೆ ಸಾಂಬ್ರಾಣಿ ನಿಲ್ಲಿಸಲಾಗಿದೆ ಎಂದು ಮೈಕಿನಲ್ಲಿ ಹೇಳಿಸಿದರು. ದೇವರ ಹೊಗೆಗೇ ಕಲ್ಲು ಹಾಕಿದಳು ಎಂದು ಜೊತೆಯವರು ನನ್ನನ್ನು ಮಾತಾಡಿಸುವುದು ಬಿಟ್ಟರು. ಒಬ್ಬೊಬ್ಬರಿಗೂ ಬಿಡಿಸಿ ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಅವಳು ಕೆಲಸಕ್ಕೆ ಮರಳಿದ ದಿನ ನನಗೆ ಹೇಳಿ ಕಳಿಸಿದಳು. ಇವಳೊಬ್ಬಳಾದರೂ ನನ್ನ ಪರ ಇರುತ್ತಾಳೆಂದುಕೊಂಡು ಹತ್ತಿ ಹೋದೆ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಅವಳು ಹೊಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು.

“ಹಗಲು ನಡುವಲ್ಲಿ ಇಲ್ಲಿವರ್ಗೂ ಹತ್ತಿ ಬರ್ತಾ ಇದ್ದಿದ್ದು ಆ ವಾಚ್‌ಮನ್ ಅಣ್ಣ ಒಬ್ರೇ, ಅದೂ ಶುಕ್ರವಾರ ಶುಕ್ರವಾರ. ಇನ್ಮೇಲೆ ಹೊಗೆ ಬಂದ್ರೆ ಅದು ಬೆಂಕಿನೇ ಅಂತ ನಂಗೆ ತಿಳಿಯತ್ತೆ ಅಕ್ಕಾ. ಆದ್ರೆ ನನ್ನ ಎತ್ಕೊಂಡು ಇಳಿಯೋಕೆ ಯಾರು ಬರ್ತಾರೆ?”