ಫಕ್ಕೀರವ್ವನ ಶೆಗಡಿ

ಅಕ್ಕಿಆಲೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಫಕ್ಕೀರವ್ವನಿಗೆ ಕರೆ ಹೋಗಲೇಬೇಕು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿ, ಎಣ್ಣೆ ತಿಕ್ಕಿ ಬಿಸಿನೀರು ಎರೆದು, ಇದ್ದಿಲಿನ ಶೆಗಡಿಗೆ ಲೋಬಾನ ಹಾಕಿ ಹೊಗೆ ಕೊಟ್ಟು, ತಲೆಗೆ ಕುಂಚಿಗಿ ಕಟ್ಟಿ ಮಲಗಿಸಿದಳೆಂದರೆ ಮುಗಿಯಿತು, ಎಂಥ ರಚ್ಚೆ ಹಿಡಿದ ಕೂಸೂ ಮಧ್ಯಾಹ್ನದವರೆಗೆ ಪಿಟಕ್ಕೆನ್ನದು. ಬಾಯಿ ಮಾತ್ರ ಜೋರು. ಬಾಣಂತಿ ಕೋಣೆಯ ಖಿಡಕಿ ಯಾರಾದರೂ ತೆಗೆದರೋ, ಮನೆಯ ಯಜಮಾನನೇ ಆಗಿರಲಿ, ಅವನ ಏಳು ತಲೆಮಾರನ್ನೂ ಎಳೆದು ತರುತ್ತಿದ್ದಳು.

ಹಾವಿಗೆ ಹೆದರದ, ಹುಚ್ಚುನಾಯಿಗೆ ಹೆದರದ ಈ ಹೆಂಗಸು ಥಂಡಿ ಗಾಳಿಗೆ ಹೆದರಿ ಸಾಯುತ್ತಿದ್ದಳು. ಅದಕ್ಕೆ ಕಾರಣವಿತ್ತು. ಅವಳ ಚೊಚ್ಚಲ ಕೂಸು, ಹೆಣ್ಣುಕೂಸು, ತಿಂಗಳು ತುಂಬುವ ಮೊದಲೇ ಹೋಗಿತ್ತು. ಕೊರೆಯುವ ಚಳಿಗಾಲ. ಅತ್ತೆ ಅಟ್ಟದ ಕೆಳಗಿನ ಒಳಕೋಣೆಯ ಬಾಗಿಲ ಸಂದಿಗೂ ಅರಿವೆ ತುರುಕಿ, ಹೊರಸಿನ ಕೆಳಗೆ ಶೆಗಡಿ ಇಟ್ಟಿದ್ದಳು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಬೆಳಗ್ಗೆ ಫಕ್ಕೀರವ್ವ ತಲೆ ಎತ್ತಲಾಗದೆ ಎದ್ದು ನೋಡಿದರೆ ಕೂಸಿನ ಮೈ ತಣ್ಣಗಾಗಿತ್ತು. ಗಾಳಿ ತಾಗಿತು ಎಂದರು ಎಲ್ಲರೂ. ಅಂದಿನಿಂದ ಗಾಳಿ ಅವಳ ವೈರಿಯಾಯಿತು.

ಅಕ್ಕಿ ಗಿರಣಿಯ ಕರಿಬಸಪ್ಪನ ಮಗಳು ವಾಣಿಶ್ರೀ ಚಂಡೀಗಢದಲ್ಲಿ ಹಡೆದಾಗ, ತಾಯಿಯಿಲ್ಲದ ಆ ಹುಡುಗಿಯ ಬಾಣಂತನಕ್ಕೆ ಅಷ್ಟು ದೂರ ಹೋದವಳು ಫಕ್ಕೀರವ್ವನೇ. ಅಳಿಯ ಬಸವೇಶನಿಗೆ ಅಲ್ಲಿ ಬ್ಯಾಂಕಿನಲ್ಲಿ ಕೆಲಸ. ಕೂಸಿಗೆ ನಾಲ್ಕು ತಿಂಗಳಾದಾಗ ಗಂಡಹೆಂಡತಿಗೆ ಹಿಮ ನೋಡುವ ಹುಚ್ಚು ಹತ್ತಿತು.

"ಎರಡ ದಿನ ರಜಾ ಅದಾವ ಆಯಿ. ಇಲ್ಲಿ ಮಂದಿ ಎಲ್ಲಾ ಹೋಗ್ತಾರ. ಮುಂಜಾನೆ ಕಾರ್ ಹತ್ತಿದ್ರ ಮಧ್ಯಾಹ್ನ ಶಿಮ್ಲಾ ಆಚೆ ನಾರ್ಕಂಡಾದಾಗ ಇರ್ತೇವಿ," ಎಂದಳು ವಾಣಿಶ್ರೀ. "ಕಾಲಿಗೆ ಹಲಗಿ ಕಟ್ಕೊಂಡು ಗುಡ್ಡದ ಮ್ಯಾಲಿಂದ ಜಾರೂದು. ಸ್ಕೀ ಅಂತಾರ."

"ಜಾರಾಕ ಅಷ್ಟ ದೂರ ಹೋಗ್ತೀರೇನ? ಮಳಿಗಾಲದಾಗ ನಮ್ಮೂರ ಕೆರಿ ಏರಿ ಮ್ಯಾಲ ನಿಂತ್ರ ಹಲಗಿ ಇಲ್ಲದನ ಜಾರಬಹುದಲ್ಲ!"

ವಾಣಿಶ್ರೀ ನಕ್ಕಳು. ಫಕ್ಕೀರವ್ವ ನಗಲಿಲ್ಲ. "ಮತ್ತ ಕೂಸು?"

"ನೀ ಇದ್ದೀಯಲ್ಲ ಆಯಿ. ನಿನ್ನ ಕೈಯಾಗ ಇದ್ರ ನನಗ್ಯಾಕ ಚಿಂತಿ?"

ಆ ಮಾತು ಅವಳ ಎದೆಯ ಮೇಲೆ ಕಲ್ಲಿನಂತೆ ಕೂತಿತು. ಹೊರಟ ದಿನ, ಶಿಮ್ಲಾ ದಾಟಿದ ಮೇಲೆ ದಾರಿಯ ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಪಾತಾಳ. ಪ್ರತಿ ತಿರುವಿನಲ್ಲೂ ಅವಳು ಕೂಸನ್ನು ಅವಚಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಹೋಟೆಲಿನ ಮುಂದೆ ಇಳಿದಾಗ ಎಲ್ಲೆಲ್ಲೂ ಬೆಳ್ಳಗೆ. ಮರ, ಮಾಡು, ನಿಂತ ಕಾರು, ಎಲ್ಲಕ್ಕೂ ಯಾರೋ ಬಿಳಿ ಬಟ್ಟೆ ಹೊದಿಸಿ ಹೋದಂತಿತ್ತು. ಚಂದ ಎನ್ನಿಸಲಿಲ್ಲ ಅವಳಿಗೆ. ಭಯವಾಯಿತು.

ಮರುದಿನ ಉಂಡು ಗಂಡಹೆಂಡತಿ ಜಾರಲು ಹೊರಟರು. ಅವರು ಹೋಗಿ ಸ್ವಲ್ಪ ಹೊತ್ತಿಗೆ ಹಿಮ ಸುರಿಯತೊಡಗಿತು, ಕರೆಂಟು ಹೋಯಿತು. ಗೋಡೆಯ ಹೀಟರು ಆರಿ ಕಪ್ಪಾಯಿತು. ಕೂಸಿನ ಮೂಗಿನ ತುದಿ ಮುಟ್ಟಿದಳು. ತಣ್ಣಗಿತ್ತು. ಅವಳ ಜೀವ ಬಾಯಿಗೆ ಬಂತು.

ವರಾಂಡದಲ್ಲಿ ಹೋಟೆಲಿನ ಮುದಿ ಅಡಿಗೆಯವನು ಇದ್ದಿಲು ಹೊತ್ತಿಸಿ ಕೈ ಕಾಯಿಸಿಕೊಳ್ಳುತ್ತಿದ್ದ. ಅದೇ ಶೆಗಡಿ! ಪರದೇಶದಲ್ಲಿ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಒಳಗೆ ತಂದಿಡು ಎಂದು ಕೈಸನ್ನೆ ಮಾಡಿದಳು. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಇವಳು ಕೂಸನ್ನು ತೋರಿಸಿ ಕೈ ಮುಗಿದಳು. ಕೊನೆಗೆ ಅವನು ತಂದಿಟ್ಟ, ಖಿಡಕಿಯನ್ನು ತಾನೇ ನಾಲ್ಕು ಬೆರಳಷ್ಟು ತೆರೆದ.

"ಖಿಡಕಿ ಖುಲೀ ರಖನಾ, ಮಾಜೀ," ಎಂದು ಎರಡು ಸಲ ಹೇಳಿದ.

ಅವಳಿಗೆ ಪೂರ್ತಿ ತಿಳಿಯಿತು. ಖಿಡಕಿ ಅಂದರೆ ಅಕ್ಕಿಆಲೂರಿನಲ್ಲೂ ಖಿಡಕಿಯೇ. 'ಇವನ ಬುದ್ಧಿ ಮಣ್ಣುಗೂಡಲಿ, ಕೂಸಿರೂ ಕೋಣ್ಯಾಗ ಖಿಡಕಿ ತೆಗಿ ಅಂತಾನ!' ಎಂದು ಬೈದುಕೊಂಡು, ಅವನು ಅತ್ತ ಹೋದ ಕೂಡಲೇ ಖಿಡಕಿ ಜಡಿದಳು. ಬಾಗಿಲ ಸಂದಿಯಿಂದ ಗಾಳಿ ಸುಳಿಯುತ್ತಿತ್ತು. ತನ್ನ ಹಳೆಯ ಸೀರೆಯನ್ನು ಸುತ್ತಿ ಅಲ್ಲಿ ಒತ್ತಿ ತುರುಕಿದಳು. ಕೂಸನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡು ಶೆಗಡಿ ಪಕ್ಕ ಕೂತಳು. ಕೋಣೆ ಬೆಚ್ಚಗಾಯಿತು. ಕೂಸು ನಿದ್ದೆ ಹೋಯಿತು.

ತಲೆ ಸಿಡಿಯತೊಡಗಿದ್ದು ಆಮೇಲೆ. ಗುಡ್ಡ ಹತ್ತಿದ ಆಯಾಸ ಅಂದುಕೊಂಡಳು. ಕಣ್ಣೆವೆ ಭಾರವಾದವು. ಹಾಲಿನ ಹೊತ್ತಾಯಿತಲ್ಲ ಎಂದು ಕೂಸಿನ ಅಂಗಾಲು ತಿಕ್ಕಿದಳು. ಹಾಗೆ ತಿಕ್ಕಿದರೆ ಕಾಲು ಝಾಡಿಸುತ್ತಿದ್ದ ಕೂಸು ಮಿಸುಕಲಿಲ್ಲ. ಕೆನ್ನೆ ತಟ್ಟಿದಳು. ಕುತ್ತಿಗೆ ಜೋಲಿತು.

ಅಯ್ಯೋ ನಮ್ಮಪ್ಪ, ಥಂಡಿ ಹತ್ತಿತು! ಗಾಬರಿಯಲ್ಲಿ ಅವಳು ಶೆಗಡಿಯನ್ನು ಇನ್ನೂ ಹತ್ತಿರ ಎಳೆದುಕೊಂಡಳು. ಊದಿ ಕೆಂಡ ಕೆದರಿದಳು. ಕೂಸನ್ನು ಕೆಳಗೆ ಮಲಗಿಸಿ, ಎದ್ದು ಇನ್ನೊಂದು ಕೌದಿ ತರಹೋದವಳು ಅಂಗಾತ ಬಿದ್ದಳು.

ಬಿದ್ದವಳ ಕಣ್ಣು ಮೇಲೆ ಹೋಯಿತು. ಊರಲ್ಲಿ ಮೇಲೆ ನೋಡಿದರೆ ಹಂಚು, ಹಂಚಿನ ಸಂದಿಯಲ್ಲಿ ಬೆಳಕು, ಅದರಲ್ಲಿ ಹಾಯ್ದು ಹೋಗುವ ಹೊಗೆ. ಇಲ್ಲಿ ಸಂದಿಯಿಲ್ಲದ ಹಲಗೆ. ನಾಲ್ಕೂ ಕಡೆ ಹಲಗೆ. ಮುದುಕ ಎರಡು ಸಲ ಹೇಳಿದ್ದು ನೆನಪಾಯಿತು. ಕೂಸಿಗೊಂದೇ ಅಲ್ಲ, ತನಗೂ ಏನೋ ಆಗುತ್ತಿದೆ, ಅದು ಹೊರಗಿನಿಂದ ಬಂದದ್ದಲ್ಲ.

ಕೂಸನ್ನು ಎದೆಗವಚಿ ಬಾಗಿಲತ್ತ ತೆವಳಿದಳು. ಚಿಲಕ ತೆಗೆದರೂ ಬಾಗಿಲು ಬರಲೊಲ್ಲದು. ತಾನೇ ತುರುಕಿದ ಸೀರೆ ಸಿಕ್ಕಿಬಿದ್ದಿತ್ತು. ಹಲ್ಲು ಕಚ್ಚಿ ಎಳೆದಳು, ಉಗುರು ಕಿತ್ತು ರಕ್ತ ಬಂತು. ಸೀರೆ ಕಿತ್ತು ಬಂದಾಗ ಬಾಗಿಲು ತೆರೆದು, ಅವಳು ವರಾಂಡ ದಾಟಿ, ಜೀವಮಾನವಿಡೀ ಹೆದರಿದ ಆ ಗಾಳಿಯಲ್ಲಿ, ಸುರಿಯುವ ಹಿಮದಲ್ಲಿ ಕೂಸನ್ನು ಹಿಡಿದು ಮೊಣಕಾಲೂರಿದಳು. ಕುಂಚಿಗಿ ಕಿತ್ತೆಸೆದಳು.

"ಅಳು, ನಮ್ಮವ್ವ! ಅಳು! ನಿನ್ನ ಕಾಲ ಬೀಳ್ತೇನಿ, ಅಳು!"

ಹಿಮದ ಚೂರು ಕೂಸಿನ ಹಣೆಯ ಮೇಲೆ ಬಿದ್ದು ಕರಗಿತು. ತುಟಿ ಅದುರಿತು. ಮೊದಲು ಬೆಕ್ಕಿನ ಮರಿಯಂಥ ಒಂದು ದನಿ, ಆಮೇಲೆ ಗುಡ್ಡ ಮರುದನಿಗೊಡುವಂಥ ಅಳು. ಫಕ್ಕೀರವ್ವನೂ ಬಾಯಿಬಿಟ್ಟು ಅತ್ತಳು. ಅಡಿಗೆಯವನು ಓಡಿ ಬಂದ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಚ್ಚಿದರು. ಕೂಸಿಗೆ ಅಪಾಯವಿಲ್ಲ ಎಂದಮೇಲೆ ಬಸವೇಶನ ಸಿಟ್ಟು ಹೊರಬಿತ್ತು.

"ಯಾರ್ ಹೇಳಿದ್ರು ನಿನಗ ಬೆಂಕಿ ಒಳಗ ತಾ ಅಂತ?"

"ಯಾರೂ ಹೇಳಿಲ್ರಿ. ಅಂವ ಖಿಡಕಿ ತೆಗದಿಡು ಅಂದಿದ್ದ. ನನಗ ತಿಳಿದಿತ್ತು. ನಾನ ಮುಚ್ಚಿದೆ."

ವಾಣಿಶ್ರೀ ಅವಳ ಮಗ್ಗುಲಲ್ಲಿ ಕೂತಳು. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಬಿಡಿಸಿ ಹೇಳಿದಳು, ಅಷ್ಟೇ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಣ್ಣಿಗೆ ಕಾಣದ ವಿಷ ಹುಟ್ಟುತ್ತದೆ. ಜ್ವರ ಬರುವುದಿಲ್ಲ, ಕೆಮ್ಮು ಬರುವುದಿಲ್ಲ. ಮಲಗಿದಲ್ಲೇ ಜೀವ ಹೋಗುತ್ತದೆ. ಬದುಕಿ ಉಳಿದವರಿಗೆ ತಲೆ ಎತ್ತಲಾಗುವುದಿಲ್ಲ.

ಕೇಳುತ್ತ ಕೇಳುತ್ತ ಫಕ್ಕೀರವ್ವನ ಮುಖ ಬಿಳಿಚಿತು. ಮತ್ತೊಮ್ಮೆ ಹೇಳು ಎಂದಳು. ವಾಣಿಶ್ರೀ ಮತ್ತೊಮ್ಮೆ ಹೇಳಿದಳು.

ಚಂಡೀಗಢಕ್ಕೆ ಮರಳಿದ ಮೇಲೆ ಫಕ್ಕೀರವ್ವ ಕೂಸನ್ನು ಮುಟ್ಟಲೇ ಇಲ್ಲ. ಮೂಲೆಯಲ್ಲಿ ಗಂಟು ಕಟ್ಟಿಟ್ಟು ಊರಿಗೆ ಕಳಿಸಿರೆಂದು ಕೂತಳು. ವಾಣಿಶ್ರೀ ಬಂದು ಕೂಸನ್ನು ಅವಳ ತೊಡೆಯ ಮೇಲೆ ಹಾಕಿದಳು.

"ನೀರ ಕಾದಾವ. ಎರಿ ಬಾ ಆಯಿ."

ಕೂಸು ಫಕ್ಕೀರವ್ವನ ಬೆರಳು ಹಿಡಿದುಕೊಂಡಿತು.

"ಮೊದ್ಲ ಆ ಖಿಡಕಿ ತೆಗಿ," ಎಂದಳು. ವಾಣಿಶ್ರೀ ಖಿಡಕಿ ತೆರೆದೊಡನೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಫಕ್ಕೀರವ್ವ ಅದಕ್ಕೆ ಮುಖವೊಡ್ಡಿ ಹೇಳಿದಳು: "ನನ್ನ ಕೂಸಿಗೆ ಗಾಳಿ ತಾಗಿರಲಿಲ್ಲ, ವಾಣಿ."