ಅಕ್ಕನ ಜೊತೆ ಐದು ಜನ

ನಮ್ಮಕ್ಕನನ್ನು ಕನ್ನಡಕದ ಅಂಗಡಿಯವರೆಲ್ಲ ಗ್ಲಾಸಕ್ಕ ಎಂದೇ ಕರೆಯುತ್ತಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ನೀರು ತೊಟ್ಟಿಕ್ಕುವ ಸಾಣೆ ಚಕ್ರದ ಮುಂದೆ ಕೂತು, ಕನ್ನಡಕದ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ಉಜ್ಜಿ ಉಜ್ಜಿ ಬೆರಳ ತುದಿಯ ಗೆರೆಗಳು ಸವೆದುಹೋಗಿವೆ. ಮುಂದೆ ನಿಂತು ನಗುನಗುತ್ತಾ ಫ್ರೇಮು ಮಾರುವವರು ಬರುತ್ತಾರೆ, ಹೋಗುತ್ತಾರೆ. ಇವಳು ಮಾತ್ರ ಈಗಿನ ಮಾಲೀಕನ ಅಪ್ಪನ ಕಾಲದಿಂದಲೂ ಅದೇ ಸ್ಟೂಲಿನ ಮೇಲಿದ್ದಾಳೆ.

ನಡೆಯಲು ಕಲಿಯುವ ವಯಸ್ಸಿನಲ್ಲಿ ಬಂದ ಜ್ವರವೊಂದು ಅವಳ ಬಲಗಾಲನ್ನು ಒಣಗಿಸಿ ಹೋಯಿತು. ಹೆಜ್ಜೆಗೊಮ್ಮೆ ಬಲಮಂಡಿಯ ಮೇಲೆ ಕೈ ಊರಿ ನಡೆಯುತ್ತಾಳೆ. ನಿಧಾನವೋ ಬೇಗವೋ, ನಡೆದೇ ಹೋಗುತ್ತಾಳೆ. ಹುಡುಗಿಯಾಗಿದ್ದಾಗ ಯಾರೋ ಪುಣ್ಯಾತ್ಮರು ಒಂದು ಗಾಲಿಕುರ್ಚಿ ತಂದುಕೊಟ್ಟರು. ಇವಳು ಅದರಲ್ಲಿ ಒಗೆದ ಬಟ್ಟೆ ತುಂಬಿಕೊಂಡು ಒಣಹಾಕಲು ತಳ್ಳಿಕೊಂಡು ಹೋದಳು. ಮುರಿದು ಮೂಲೆ ಸೇರುವವರೆಗೆ ಆ ಕುರ್ಚಿ ಮನೆಮಂದಿಯ ಬಟ್ಟೆ ಹೊತ್ತಿತೇ ಹೊರತು ಒಂದು ದಿನವೂ ಅವಳನ್ನು ಹೊರಲಿಲ್ಲ. ಪಾಪ ಅಂತ ಯಾರಾದರೂ ಕೈ ಹಿಡಿಯಲು ಬಂದರೆ, "ನನಗೇನು ಧಾಡಿ? ನಿಮ್ಮ ಕಾಲು ನೋಡ್ಕೊಂಡು ನಡೀರಿ" ಅನ್ನುತ್ತಾಳೆ.

ನಾನು ಅವಳ ತಂಗಿ. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ನನ್ನ ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಇದನ್ನು ಹೇಳುವಾಗ ಸಿಟ್ಟು ಬಂದೇ ಬರುತ್ತದೆ, ಬರಲಿ.

ನಮ್ಮಿಬ್ಬರ ನಂತರ ಹುಟ್ಟಿದವನು ತಮ್ಮ. ಅಮ್ಮ ಕೆಲಸಕ್ಕೆ ಹೋದಾಗ ಅವನನ್ನು ಎತ್ತಿ ಆಡಿಸಿದವಳು ಅಕ್ಕ. ಬಲಗೈ ಮಂಡಿಗೆ ಬೇಕಲ್ಲ, ಹಾಗಾಗಿ ಅವನನ್ನು ಯಾವಾಗಲೂ ಎಡಸೊಂಟದ ಮೇಲೇ ಹೊರುತ್ತಿದ್ದಳು. ಅವನಿಗೂ ಅವಳೆಂದರೆ ಪ್ರಾಣ, ಸುಳ್ಳು ಹೇಳಬಾರದು. ಬೀದಿಯ ಹುಡುಗನೊಬ್ಬ ಅಕ್ಕನ ನಡಿಗೆಯನ್ನು ಅಣಕಿಸಿದ್ದಕ್ಕೆ ಇವನು ಹೋಗಿ ಅವನ ತೋಳು ಕಚ್ಚಿ ಹಿಡಿದಿದ್ದ. ಬಿಡಿಸಬೇಕಾದರೆ ನಮಗೆಲ್ಲ ಸಾಕುಸಾಕಾಗಿತ್ತು. ಅಕ್ಕ ಅವನಿಗೆ ಬೈದಳು, ಆಮೇಲೆ ಬಾಗಿಲ ಹಿಂದೆ ನಿಂತು ನಕ್ಕಳು.

ಈಗ ಅವನು ಟೈಲ್ಸ್ ಕಂಪನಿಯಲ್ಲಿ ಮಾರಾಟದ ಕೆಲಸದಲ್ಲಿದ್ದಾನೆ. ಹೆಂಡತಿ, ಒಬ್ಬಳು ಮಗಳು, ಒಬ್ಬ ಮಗ. ಪ್ರತಿ ರಜೆಗೂ ಎಲ್ಲಿಗಾದರೂ ಹೋಗುತ್ತಾರೆ. ಅಕ್ಕನನ್ನು ಒಮ್ಮೆಯೂ ಕರೆದದ್ದಿಲ್ಲ. "ಅಕ್ಕನಿಗೆ ಸುಮ್ನೆ ಆಯಾಸ" ಅನ್ನುತ್ತಿದ್ದ. ಅವರ ಮನೆಯ ಕೀಲಿಕೈ ಇಟ್ಟುಕೊಂಡು ಗಿಡಗಳಿಗೆ ನೀರು ಹಾಕುವುದಕ್ಕೆ ಮಾತ್ರ ಅಕ್ಕನಿಗೆ ಆಯಾಸವಾಗುತ್ತಿರಲಿಲ್ಲ, ನೋಡಿ! ಅವಳೇನೂ ಅನ್ನುತ್ತಿರಲಿಲ್ಲ. ಅವರು ತಂದ ಫೋಟೋಗಳನ್ನು ಮಾತ್ರ ಒಂದೊಂದಾಗಿ, ಗಾಜು ಪರೀಕ್ಷಿಸುವ ಹಾಗೆ, ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಈ ಸಲ ಮಕ್ಕಳು ಹಟ ಹಿಡಿದದ್ದು ಆ ದೊಡ್ಡ ಮನರಂಜನಾ ಪಾರ್ಕಿಗೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅನ್ನುತ್ತಿದ್ದರು ಹಿರಿಯರು. ಈಗ ಇದ್ದಿದ್ದರೆ ಪಾರ್ಕಿಗೆ ಹೋಗಿ ನೋಡು ಅಂತಲೂ ಸೇರಿಸುತ್ತಿದ್ದರು. ಹಿಂದೆಲ್ಲ ಬುತ್ತಿ ಕಟ್ಟಿ, ಬಸ್ಸು ಹತ್ತಿ, ಬಾಗಿಲಲ್ಲಿ ಟಿಕೆಟ್ ಹರಿಸಿ ಒಳಗೆ ನುಗ್ಗಿದರೆ ಮುಗಿಯಿತು. ಈಗ ಹೋಗುವ ದಿನವನ್ನು ಎಷ್ಟೋ ಮೊದಲೇ ಹಿಡಿಯಬೇಕಂತೆ. ರಜೆಯ ದಿನಕ್ಕೊಂದು ದರ, ಮಾಮೂಲಿ ದಿನಕ್ಕೊಂದು ದರ, ಬೆಳಿಗ್ಗೆ ನೋಡಿದ ದರ ಮಧ್ಯಾಹ್ನಕ್ಕಿಲ್ಲ. ಒಳಗೆ ಹೋದಮೇಲೆ ಸಾಲಿನಲ್ಲಿ ಕಾಯಬಾರದು ಅಂದರೆ ಅದಕ್ಕೆ ಬೇರೆ ಟಿಕೆಟ್ಟು, ಅದು ಬಾಗಿಲ ಟಿಕೆಟ್ಟಿಗಿಂತ ದುಬಾರಿ. ಗಾಡಿ ನಿಲ್ಲಿಸಲು ದುಡ್ಡು, ಚೀಲ ಇಡಲು ದುಡ್ಡು, ಮನೆಯ ಊಟಕ್ಕೆ ಒಳಗೆ ಪ್ರವೇಶವೇ ಇಲ್ಲ. ತಮ್ಮನ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಲ್ಯಾಪ್‌ಟಾಪು, ಎರಡು ಫೋನು, ಪಾರ್ಕಿನ ನಕ್ಷೆ ಹರಡಿಕೊಂಡು ಗಂಡಹೆಂಡತಿ ಜಗಳವಾಡುತ್ತಿದ್ದರು. ಅವಳು ಒಂದು ದಿನ ಹಿಡಿದರೆ ಅವನ ರಜೆ ಸಿಗುತ್ತಿರಲಿಲ್ಲ, ಅವನು ಒಂದು ದಿನ ಹಿಡಿದರೆ ದರ ಆಕಾಶಕ್ಕೇರಿರುತ್ತಿತ್ತು. ನನಗಂತೂ ನೋಡಿಯೇ ತಲೆ ಚಿಟ್ಟು ಹಿಡಿಯಿತು. ಹಿಂದಿನ ವರ್ಷ ಅವರ ಪಕ್ಕದ ಮನೆಯವರು ಅಷ್ಟು ದುಡ್ಡು ಸುರಿದು, ಅರ್ಧ ದಿನ ಸಾಲಿನಲ್ಲೇ ನಿಂತು, ಮಕ್ಕಳನ್ನು ಅಳಿಸಿಕೊಂಡು ವಾಪಸು ಬಂದಿದ್ದರಂತೆ.

ಹೊರಡಲು ವಾರವಿದೆ ಅನ್ನುವಾಗ ತಮ್ಮ ಅಕ್ಕನ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ.

"ಅಕ್ಕ, ಈ ಸಲ ನೀನೂ ಬಾ ನಮ್ಮ ಜೊತೆ."

"ನಾನಾ? ನನ್ನ ಕಟ್ಕೊಂಡು ಏನು ಮಾಡ್ತೀಯೋ? ನಿಮಗೆಲ್ಲ ನಿಧಾನ ಆಗತ್ತೆ."

"ಆಗ್ಲಿ ಬಿಡು. ದೊಡ್ಡತ್ತೆ ಬರದೆ ನಾವೂ ಹೋಗಲ್ಲ ಅಂತ ಮಕ್ಕಳು ಕೂತಿದ್ದಾರೆ. ಚಿಕ್ಕಕ್ಕ, ನೀನೂ ಬಾ, ಅಕ್ಕನಿಗೆ ಜೊತೆ ಆಗತ್ತೆ." ಹೋಗುವಾಗ ಬಾಗಿಲಲ್ಲಿ ತಿರುಗಿ, "ನಿನ್ನ ಕಾಲಿನ ಸರ್ಟಿಫಿಕೇಟ್ ಇಟ್ಕೊಂಡಿರು. ಟಿಕೆಟ್ಟಲ್ಲಿ ಏನೋ ರಿಯಾಯಿತಿ ಇದೆಯಂತೆ" ಅಂದ.

ಅವನು ಹೋದಮೇಲೆ ಅಕ್ಕ ಚಹಾ ಮಾಡುತ್ತೇನೆಂದು ಒಲೆಯ ಕಡೆ ತಿರುಗಿದಳು. ಎಷ್ಟು ಹೊತ್ತಾದರೂ ಈ ಕಡೆ ತಿರುಗಲಿಲ್ಲ. ಹಾಲು ಉಕ್ಕಿ ಚೆಲ್ಲಿದ ಮೇಲೆ ಮೂಗು ಒರೆಸಿಕೊಂಡು, "ಈ ಒಲೆ ಸರಿ ಇಲ್ಲ ಕಣೇ" ಅಂದಳು. ಮರುದಿನ ಮಾಲೀಕನ ಹತ್ತಿರ ರಜೆ ಕೇಳಿದಳು. ಹೊಸ ಚಪ್ಪಲಿ ತಂದಳು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ಅವರು ಕೇಳದಿದ್ದರೂ, "ಆ ದಿನ ನಾನಿರಲ್ಲ, ನನ್ನ ತಮ್ಮ ಪಾರ್ಕಿಗೆ ಕರ್ಕೊಂಡು ಹೋಗ್ತಿದ್ದಾನೆ" ಅಂತ ಸಾರಿದಳು. ನನಗೆ ನಗು ಬಂತು, ಹೊಟ್ಟೆಯೊಳಗೆ ತಣ್ಣಗೂ ಆಯಿತು. ಕಡೆಗೂ ಆ ಪುಣ್ಯಾತ್ಮನಿಗೆ ಅಕ್ಕನ ನೆನಪಾಯಿತಲ್ಲ ಅಂದುಕೊಂಡೆ.

ಪಾರ್ಕಿನ ಬಾಗಿಲಲ್ಲಿ ತಮ್ಮ ಒಂದು ಬಾಡಿಗೆಯ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಈಗ ಬೈಗುಳ ಶುರುವಾಯಿತು ಅಂದುಕೊಂಡೆ.

"ಒಳಗೆ ತುಂಬಾ ದೂರ ಅಕ್ಕ. ನನ್ನ ಸಲುವಾಗಿ ಕೂತ್ಕೋ" ಅಂದ.

ಅವಳು ಕುರ್ಚಿಯನ್ನು ನೋಡಿದಳು, ಅವನನ್ನು ನೋಡಿದಳು, ಕೂತಳು. ಜೀವಮಾನದಲ್ಲಿ ಯಾರ ಮಾತಿಗೂ ಕೂರದವಳು ಅವನ ಒಂದು ಮಾತಿಗೆ ಕೂತುಬಿಟ್ಟಳು. ಕುರ್ಚಿಯ ಹಿಡಿಯನ್ನು ಅವನು ನನ್ನ ಕೈಗೆ ಕೊಟ್ಟ.

ಒಳಗಡೆ ಒಂದು ಕೌಂಟರಿಗೆ ಹೋದೆವು. ಅಲ್ಲಿದ್ದ ಹುಡುಗಿ ಸರ್ಟಿಫಿಕೇಟ್ ನೋಡಿ, ಅಕ್ಕನನ್ನೇ ಕೇಳಿದಳು: "ಅಮ್ಮ, ನಿಮಗೆ ಎಷ್ಟು ಹೊತ್ತು ನಿಲ್ಲೋಕಾಗತ್ತೆ?"

"ನಿಲ್ತೀನಮ್ಮ, ಅದಕ್ಕೇನು—"

"ಆಗೋದೇ ಇಲ್ಲ" ಅಂದ ತಮ್ಮ, ಅಕ್ಕನ ಭುಜ ಒತ್ತಿ.

ಹುಡುಗಿ ಅಕ್ಕನ ಮಣಿಕಟ್ಟಿಗೆ ಒಂದು ಹಸಿರು ಪಟ್ಟಿ ಕಟ್ಟಿದಳು. "ಇದು ಇವರ ಪಾಸ್. ಇವರು ಇದ್ರೆ ಕ್ಯೂ ಬೇಡ, ಪಕ್ಕದ ಗೇಟಲ್ಲೇ ಬಿಡ್ತಾರೆ. ಇವರ ಜೊತೆ ಐದು ಜನ ಹೋಗಬಹುದು. ರೈಡ್ ಹತ್ತೋದು ಬಿಡೋದು ಇವರಿಷ್ಟ. ಆದ್ರೆ ಇವರು ಗೇಟಿಗೆ ಬರಲೇಬೇಕು."

ತಮ್ಮ, ಅವನ ಹೆಂಡತಿ, ಮಕ್ಕಳಿಬ್ಬರು, ನಾನು. ಸರಿಯಾಗಿ ಐದು. ಅಕ್ಕ ಪಟ್ಟಿಯನ್ನು ತಿರುಗಿಸಿ ನೋಡಿ ಜೋರಾಗಿ ನಕ್ಕಳು. "ನೋಡ್ದೇನೇ, ನನ್ನ ಕಾಲೂ ಕಡೆಗೆ ಒಂದು ಉಪಕಾರಕ್ಕೆ ಬಂತು!" ನಾವೆಲ್ಲರೂ ನಕ್ಕೆವು. ಆಗ ನಗುವಿನಲ್ಲಿ ಯಾವ ಕಸರೂ ಇರಲಿಲ್ಲ.

ಬೆಳಗಿನಿಂದ ಒಂದಾದ ಮೇಲೊಂದು ರೈಡು. ಬಿಸಿಲಲ್ಲಿ ಹಾವಿನಂತೆ ಸುತ್ತಿಕೊಂಡ ಸಾಲುಗಳ ಪಕ್ಕದಲ್ಲಿ ನಾನು ಕುರ್ಚಿ ತಳ್ಳುವುದು, ಗೇಟಿನವನು ಪಟ್ಟಿ ನೋಡುವುದು, ನಾಲ್ವರೂ ಒಳಗೆ ನುಗ್ಗುವುದು. ಅಕ್ಕ ಅವರ ಟೋಪಿ, ನೀರಿನ ಬಾಟಲಿ, ಫೋನು ಎಲ್ಲವನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದಳು. ಅವರು ಕಿರುಚುತ್ತಾ ಮೇಲಿಂದ ಬೀಳುವಾಗ ಇವಳು ಕೆಳಗಿನಿಂದ ಕೈ ಬೀಸುತ್ತಿದ್ದಳು. ಅವಳು ಕೇಳಿದ್ದು ಒಂದೇ, ದೊಡ್ಡ ತಿರುಗುಚಕ್ರ. ಮೇಲಿಂದ ಊರು ಹೇಗೆ ಕಾಣುತ್ತದೋ ನೋಡಬೇಕಂತೆ.

"ಅದಕ್ಕೆ ಕ್ಯೂನೇ ಇಲ್ಲ ಅಕ್ಕ, ಯಾವಾಗ ಬೇಕಾದ್ರೂ ಹೋಗಬಹುದು" ಅಂದ ತಮ್ಮ. "ಮೊದ್ಲು ಕ್ಯೂ ಇರೋದನ್ನೆಲ್ಲ ಮುಗಿಸೋಣ." ಮಧ್ಯಾಹ್ನ ಮತ್ತೆ ಕೇಳಿದಳು. ಮತ್ತೆ ಮೂಗಿಗೆ ತುಪ್ಪ ಸವರಿದ. ನನಗೆ ಆಗಲೇ ಒಳಗೊಳಗೇ ಕುದಿಯತೊಡಗಿತ್ತು.

ಊಟವಾದ ಮೇಲೆ ಅತಿ ದೊಡ್ಡ ರೋಲರ್ ಕೋಸ್ಟರಿನ ಮುಂದೆ ತಮ್ಮ ಯಾರಿಗೋ ಕೈ ಮಾಡಿ ಓಡಿದ. ಕರೆದುಕೊಂಡು ಬಂದದ್ದು ಅವನ ಕಂಪನಿಯ ಮ್ಯಾನೇಜರನ್ನು. ಮ್ಯಾನೇಜರು, ಹೆಂಡತಿ, ಮೂರು ಮಕ್ಕಳು. ಇಲ್ಲೂ ಸರಿಯಾಗಿ ಐದು.

"ಚಿಕ್ಕಕ್ಕ, ನೀನು ಇಲ್ಲೇ ನೆರಳಲ್ಲಿ ಕೂತಿರು" ಅಂದ ತಮ್ಮ, ನನ್ನ ಕೈಯಿಂದ ಕುರ್ಚಿ ಬಿಡಿಸಿಕೊಳ್ಳುತ್ತಾ. "ಸಾರ್ ಮನೆಯವರು ಒಂದೆರಡು ರೈಡ್ ಮುಗಿಸ್ಕೊಂಡು ಬರ್ತಾರೆ. ಅಕ್ಕನ್ನ ಸಾರ್ ಮಗನೇ ತಳ್ತಾನೆ."

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂತಾರೆ. ಇಲ್ಲಿ ಹೂವನ್ನು ಊರವರಿಗೆಲ್ಲ ಬಾಡಿಗೆಗೆ ಕೊಡಲು ಹೊರಟಿದ್ದ! ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರು ಅಕ್ಕನ ಮುಂದೆ ಬಗ್ಗಿ ಕೈ ಮುಗಿದರು. ಒಳ್ಳೆಯ ಮನುಷ್ಯನ ಹಾಗೇ ಕಂಡರು.

"ತುಂಬಾ ಉಪಕಾರ ಆಯ್ತಮ್ಮ. ನಾವು ಕ್ಯೂ ಟಿಕೆಟ್ ತಗೊಳ್ಳೋದ್ರಲ್ಲಿದ್ವಿ. ಬೇಡ ಸಾರ್, ಅಷ್ಟು ದುಡ್ಡು ಯಾಕೆ ಹಾಕ್ತೀರ, ನಮ್ಮ ಜೊತೆ ಪಾಸ್ ಬರತ್ತೆ ಅಂತ ನಿಮ್ಮ ತಮ್ಮನೇ ತಡೆದ್ರು."

ಅಕ್ಕ ಮೆಲ್ಲಗೆ ಕೇಳಿದಳು: "ಯಾವಾಗ ಹೇಳಿದ?"

"ಆಗಲೇ ಒಂದು ತಿಂಗಳಾಯ್ತಲ್ಲ."

ಅಕ್ಕನನ್ನು ಅವನು ಬಂದು ಕರೆದು ಒಂದು ವಾರವಾಗಿತ್ತು, ಅಷ್ಟೇ. ಅವಳನ್ನು ಬಾ ಅನ್ನುವ ಮೊದಲೇ ಅವಳನ್ನು ಹಂಚಿ ಮುಗಿಸಿದ್ದ. ಬರುತ್ತಾಳೋ ಇಲ್ಲವೋ ಅನ್ನುವ ಅನುಮಾನ ಕೂಡ ಅವನಿಗಿರಲಿಲ್ಲ. ನನ್ನನ್ನು ಕರೆದದ್ದೂ ಯಾಕೆಂದು ಆಗ ಹೊಳೆಯಿತು. ಅವಳು ಪಾಸು, ನಾನು ಕುರ್ಚಿ ತಳ್ಳುವ ಆಳು.

ಅಕ್ಕ ಮಡಿಲಲ್ಲಿದ್ದ ಟೋಪಿ, ಬಾಟಲಿ, ಫೋನುಗಳನ್ನು ಒಂದೊಂದಾಗಿ ತಮ್ಮನ ಹೆಂಡತಿಯ ಕೈಗೆ ಕೊಟ್ಟಳು. ಕುರ್ಚಿಯ ತೋಳು ಹಿಡಿದು ಎದ್ದು ನಿಂತಳು. ಮಂಡಿಯ ಮೇಲೆ ಕೈ ಊರಿದಳು.

"ಅಕ್ಕ, ಏನು ಮಾಡ್ತಿದ್ದೀಯ? ಗೇಟಿನವನು ನೋಡ್ತಿದ್ದಾನೆ, ಕೂತ್ಕೋ!" ತಮ್ಮನ ದನಿ ಕೆಳಗಿಳಿದಿತ್ತು. "ಹತ್ತು ನಿಮಿಷದ ಕೆಲಸ. ನೀನು ಸುಮ್ನೆ ಕೂತಿದ್ರೆ ಸಾಕು."

"ಅವರು ದೊಡ್ಡೋರು, ಎದುರಿಗಿದ್ದಾರೆ. ಹೀಗೆ ಮಾಡಬೇಡಿ ಅಕ್ಕ" ಅಂದಳು ಅವನ ಹೆಂಡತಿ.

ಅಕ್ಕ ಹಸಿರು ಪಟ್ಟಿಯನ್ನು ಹಲ್ಲಿನಿಂದ ಕಿತ್ತು ಕುರ್ಚಿಯ ಮೇಲಿಟ್ಟಳು. "ತಗೋ, ತಳ್ಕೊಂಡು ಹೋಗಿ."

ಮ್ಯಾನೇಜರ ಹೆಂಡತಿ ಗಂಡನ ತೋಳು ಹಿಡಿದು ಎಳೆದರು. "ಇವರಿಗೆ ಹೇಳೇ ಇಲ್ವಾ ನೀವು?" ಅಂತ ತಮ್ಮನನ್ನು ಕೇಳಿ, ಮಕ್ಕಳನ್ನು ಕರೆದುಕೊಂಡು ಹೊರಟುಹೋದರು. ತಮ್ಮನ ಮುಖ ಕೆಂಪಾಯಿತು. ನಾಚಿಕೆಯಿಂದ ಅಂದುಕೊಂಡೆ. ಅಲ್ಲ, ಅವನಿಗೆ ಸಿಟ್ಟು ಬಂದಿತ್ತು.

"ನಿನಗೇನು ಕಡಿಮೆ ಮಾಡಿದ್ದೆ ಅಕ್ಕ? ಟಿಕೆಟ್ ಹಾಕಿ ಕರ್ಕೊಂಡು ಬಂದೆ, ಊಟ ಕೊಡಿಸ್ದೆ. ಆರು ಜನಕ್ಕೂ ಕ್ಯೂ ಟಿಕೆಟ್ ಅಂದ್ರೆ ಎಷ್ಟಾಗತ್ತೆ ಗೊತ್ತಾ ನಿನಗೆ? ನನ್ನ ಒಂದು ತಿಂಗಳ ಸಂಬಳ ಹೋಗತ್ತೆ. ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸ್ಲಾ? ಆ ಮನುಷ್ಯನ ಕೈಯಲ್ಲಿ ನನ್ನ ಪ್ರಮೋಷನ್ ಇದೆ!"

ನಾನು ಬಾಯಿಗೆ ಬಂದದ್ದನ್ನೆಲ್ಲ ಅನ್ನಲು ಶುರುಮಾಡಿದೆ. ಮಾನಗೆಟ್ಟವನೇ ಅಂದದ್ದು ನೆನಪಿದೆ, ಸುತ್ತ ಜನ ತಿರುಗಿ ನೋಡಿದ್ದೂ ನೆನಪಿದೆ. ಅಕ್ಕ ನನ್ನ ಕೈ ಹಿಡಿದು ಸುಮ್ಮನಾಗಿಸಿದಳು. ಅವನ ಕಡೆ ತಿರುಗಿದಾಗ ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅದೇ ನನಗೆ ತಡೆಯಲಾಗದ್ದು.

"ನಿಜ ಹೇಳಿ ಕರೆದಿದ್ರೂ ಬರ್ತಿದ್ದೆ ಕಣೋ. ಅಕ್ಕ, ನಿನ್ನ ಕಾಲಿಂದ ನಮಗೆ ದುಡ್ಡು ಉಳಿಯತ್ತೆ, ಬಾ ಅಂದಿದ್ರೆ ನಗ್ತಾ ಬರ್ತಿದ್ದೆ. ನಿನ್ನ ಸಾಹೇಬರ ಮಕ್ಕಳ ಜೊತೆಗೂ ಹೋಗ್ತಿದ್ದೆ. ಮಕ್ಕಳು ಕರೀತಿದ್ದಾರೆ ಅಂತ ಯಾಕೋ ಹೇಳ್ದೆ?"

ಅವನು ಹೆಂಡತಿಯ ಕೈಯಿಂದ ತನ್ನ ಫೋನು ತಗೊಂಡ. ಅದನ್ನೇ ನೋಡುತ್ತಾ ನಿಂತ.

ಅವಳು ಬಾಗಿಲ ಕಡೆ ನಡೆಯತೊಡಗಿದಳು. ಹೊಸ ಚಪ್ಪಲಿ ಕಚ್ಚುತ್ತಿತ್ತು, ಗೊತ್ತಾಗುತ್ತಿತ್ತು. ನಾನು ಹಿಂದೆಯೇ ಹೋಗಿ, "ಬಾ ಅಕ್ಕ, ನಾವಿಬ್ಬರೇ ಆ ಚಕ್ರ ಹತ್ತೋಣ, ಇವನ ಹಂಗೇನು" ಅಂದೆ.

"ಬೇಡ ಕಣೇ. ನೋಡೋ ಆಸೆ ಹೋಯ್ತು" ಅಂದಳು. ಇಬ್ಬರೂ ಬಸ್ಸು ಹಿಡಿದು ಮನೆಗೆ ಬಂದೆವು.

ಮರುದಿನ ಎಂದಿನಂತೆ ಸಾಣೆ ಚಕ್ರದ ಮುಂದೆ ಕೂತಳು. ಹೇಗಿತ್ತು ಅಂತ ಕೇಳಿದ ಮಾಲೀಕನಿಗೆ "ಚೆನ್ನಾಗಿತ್ತು" ಅಂದಳಂತೆ. ತಮ್ಮನ ಮೇಲೆ ಯಾರ ಹತ್ತಿರವೂ ಒಂದು ಮಾತು ಆಡಲಿಲ್ಲ. ಅವನು ಕೆಲವು ದಿನ ಬಿಟ್ಟು ಹಣ್ಣು ಹಿಡಿದುಕೊಂಡು ಬಂದಾಗ ಚಹಾ ಕೊಟ್ಟಳು, ಮಕ್ಕಳ ಓದು ವಿಚಾರಿಸಿದಳು. ಮನೆಯ ಕೀಲಿಕೈ ಮಾತ್ರ ಅವನ ಮುಂದೆ ಇಟ್ಟು, "ಗಿಡಕ್ಕೆ ಬೇರೆ ಯಾರಿಗಾದ್ರೂ ಹೇಳು" ಅಂದಳು. ನಾನಾಗಿದ್ದರೆ ಆ ಹಣ್ಣನ್ನು ಬೀದಿಗೆ ಎಸೆಯುತ್ತಿದ್ದೆ. ಅವಳು ಎಸೆಯಲಿಲ್ಲ, ತಿನ್ನಲೂ ಇಲ್ಲ. ಅದು ಮೇಜಿನ ಮೇಲೇ ಕೊಳೆಯಿತು.

ಮೊನ್ನೆ ನಾನು ಅವಳಿಗೆ ಫೋನ್ ಮಾಡಿದೆ. ಎಷ್ಟೋ ವರ್ಷಗಳಿಂದ ಮಾಡುತ್ತಲೇ ಇರುವ ಹಾಗೆ, ಯೋಚನೆಯೇ ಇಲ್ಲದೆ, "ಅಕ್ಕ, ಭಾನುವಾರ ಊಟಕ್ಕೆ ಬಾರೇ" ಅಂದೆ.

ಆ ಕಡೆ ಸಾಣೆ ಚಕ್ರದ ಸದ್ದು ನಿಂತಿತು.

"ಯಾಕೆ?" ಅಂದಳು.

"ಯಾಕೆ ಅಂದ್ರೆ? ಊಟಕ್ಕೆ."

"ಅದಲ್ಲ. ಏನು ಕೆಲಸ ಇದೆ ಹೇಳು. ಮೊದಲೇ ಹೇಳಿದ್ರೆ ಬರ್ತೀನಿ, ನನಗೇನೂ ಬೇಜಾರಿಲ್ಲ."

ಹೇಳಲು ನನ್ನ ಹತ್ತಿರ ಯಾವ ಕಾರಣವೂ ಇರಲಿಲ್ಲ.